ನಲ್ಲಿಯಮ್ಮನ ಮೂಗು

ಲಾಂಡ್ರಿಯಲ್ಲಿ ಅವಳಿಗೆ ನಲ್ಲಿಯಮ್ಮ ಎಂದೇ ಹೆಸರು. ಮೂಗು ಸದಾ ಸೋರುತ್ತಿತ್ತಲ್ಲ, ಅದಕ್ಕೆ. ನೆಗಡಿಯಲ್ಲ, ಜ್ವರವಿಲ್ಲ, ಸೀನುವುದೂ ಅಪರೂಪ. ತಿಳಿನೀರು ಮಾತ್ರ ಹೇಳದೆ ಕೇಳದೆ ಇಳಿಯುತ್ತಿತ್ತು. ಇಸ್ತ್ರಿಯ ಆವಿ ಮುಖಕ್ಕೆ ಹೊಡೆದರೆ ಬಂತು, ಬಾಗಿಲಿನಿಂದ ತಣ್ಣನೆ ಗಾಳಿ ನುಗ್ಗಿದರೆ ಬಂತು, ಕಲೆ ತೆಗೆಯುವ ದ್ರವದ ಡಬ್ಬ ತೆರೆದರೆ ಬಂತು. "ನೀನಿದ್ರೆ ಬಟ್ಟೆಗೆ ನೀರು ಚಿಮುಕಿಸೋ ಕೆಲಸಾನೇ ಇಲ್ಲ ಬಿಡು" ಎಂದು ಪಕ್ಕದ ಮೇಜಿನವಳು ನಗುತ್ತಿದ್ದಳು. ನಲ್ಲಿಯಮ್ಮನೂ ನಗುತ್ತಿದ್ದಳು. ಮುಖ ಸಪ್ಪಗೆ ಮಾಡಿದರೆ ಜನ ಇನ್ನೂ ಎರಡು ಮಾತು ಹೆಚ್ಚಿಗೆ ಆಡುತ್ತಾರೆ ಅಷ್ಟೆ.

ಅವಳಿಗೆ ಕಸುಬು ಕಲಿಸಿದ್ದು ಅಕ್ಕ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಅದೇ ಲಾಂಡ್ರಿಗೆ ಸೇರಿಸಿ, ಅದೇ ಮೇಜಿನ ಮುಂದೆ ಒಂದು ಮಧ್ಯಾಹ್ನ ಕುಸಿದುಬಿದ್ದವಳು ಮತ್ತೆ ಏಳಲಿಲ್ಲ. ಅವಳ ಮೈಮೇಲಿದ್ದ ಅಂಗಿ, ಶಾಲನ್ನು ಆಸ್ಪತ್ರೆಯವರು ಗಂಟುಕಟ್ಟಿ ಕೊಟ್ಟರು. ಊರೆಲ್ಲರ ಕೊಳೆ ತೆಗೆಯುವ ತಂಗಿ ಆ ಎರಡನ್ನು ಮಾತ್ರ ನೀರಿಗೆ ಹಾಕಲಿಲ್ಲ. ಅದರಲ್ಲಿ ಅಕ್ಕನ ಬೆವರಿತ್ತು, ಅವಳು ಸದಾ ದವಡೆಯಲ್ಲಿಟ್ಟುಕೊಳ್ಳುತ್ತಿದ್ದ ಲವಂಗದ ವಾಸನೆಯಿತ್ತು. ತಗಡಿನ ಪೆಟ್ಟಿಗೆಯಲ್ಲಿಟ್ಟು, ಹುಳ ಹಿಡಿಯದಿರಲೆಂದು ನುಸಿಗುಳಿಗೆ ಹಾಕಿ ಮುಚ್ಚಿದಳು. ಬಟ್ಟೆ ಕಾಪಾಡುವುದು ಹೀಗೆ ಎಂದು ಕಲಿಸಿದ್ದೂ ಅಕ್ಕನೇ.

ಮೂಗು ಸೋರಲು ಶುರುವಾದದ್ದು ಆಮೇಲೆ. ಪೆಟ್ಟಿಗೆಯ ಮುಂದೆ ಕೂತರಂತೂ ಮುಚ್ಚಳ ತೆರೆದ ಮರುಗಳಿಗೆಗೆ ಧಾರೆ. ಸಾವಿನ ದಿನ ಅವಳ ಕಣ್ಣಿಂದ ಹನಿ ಉದುರಿರಲಿಲ್ಲ, ಕಲ್ಲೆದೆಯವಳು ಎಂದು ನೆಂಟರು ಆಡಿಕೊಂಡಿದ್ದರು. ಈಗ ಅವಳಿಗೆ ಖಾತ್ರಿಯಾಯಿತು: ಅಕ್ಕ ಬರುತ್ತಾಳೆ, ಬಂದದ್ದನ್ನು ಹೀಗೆ ತಿಳಿಸುತ್ತಾಳೆ. "ಬಂದ್ಯಾ ಅಕ್ಕಾ?" ಎಂದು ಮೂಗೊರೆಸಿಕೊಳ್ಳುತ್ತ ಲಾಂಡ್ರಿಯ ಸುದ್ದಿಯೆಲ್ಲ ಒಪ್ಪಿಸುತ್ತಿದ್ದಳು. ಬೆನ್ನ ಹಿಂದೆ ಯಾರೋ ಕೂತು ಕೇಳುತ್ತಿದ್ದಾರೆ ಅನಿಸಿ ಮೈ ಜುಮ್ಮೆನ್ನುತ್ತಿತ್ತು. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮಲಗಿದರೆ ಅದೇ ಮೂಗು ಕಟ್ಟಿಕೊಳ್ಳುತ್ತಿತ್ತು. ಔಷಧಿ ಅಂಗಡಿಯಿಂದ ತಂದ ಮೂಗಿನ ಹನಿ ಬಿಟ್ಟುಕೊಂಡು, ಬಿಟ್ಟುಕೊಂಡು, ವಾಸನೆಯ ಅರಿವೇ ಹೋಯಿತು. ಪೆಟ್ಟಿಗೆ ತೆರೆದಾಗ ಮೂಗಿಗೆ ಏನೂ ಹತ್ತದೆ, ಗುಳಿಗೆಯ ಸತ್ವ ತೀರಿದೆಯೆಂದುಕೊಂಡು ಇನ್ನೊಂದು ಹಿಡಿ ಸುರಿಯುತ್ತಿದ್ದಳು.

"ಮೂಗಿಂದ ಬರೋ ದೆವ್ವ ನಾನೆಲ್ಲೂ ಕೇಳಿಲ್ಲ ಕಣೇ" ಎಂದು ಬಸ್ಸು ಓಡಿಸುವ ಗಂಡ ತಲೆ ಚಚ್ಚಿಕೊಂಡ. ಹಾಗೆಂದರೂ ಪೆಟ್ಟಿಗೆಯಿದ್ದ ಕೋಣೆಯಲ್ಲಿ ಒಬ್ಬನೇ ಮಲಗುತ್ತಿರಲಿಲ್ಲ, ಆ ಮಾತು ಬೇರೆ.

ಒಂದು ದಿನ ಗಿರಾಕಿಯ ರೇಷ್ಮೆಯ ಮೇಲೆ ಹನಿ ಬಿತ್ತು. ಯಜಮಾನ ಕೂಗಾಡಲಿಲ್ಲ. "ಮೂಗು ಸರಿಮಾಡ್ಕೊಂಡು ಬಾ ತಾಯಿ. ಅಲ್ಲೀವರೆಗೂ ಮನೇಲಿರು" ಎಂದ.

ಮೂಗಿನ ಡಾಕ್ಟರಮ್ಮ ತೋಳಿನ ಮೇಲೆ ಧೂಳು, ಪರಾಗ, ಬೆಕ್ಕಿನ ಕೂದಲು ಎಂದು ಏನೇನೋ ಚುಚ್ಚಿ ನೋಡಿದರು. ಒಂದೂ ಉಬ್ಬಲಿಲ್ಲ. ಮೂಗಿನೊಳಗೂ ದೀಪ ಬಿಟ್ಟು ನೋಡಿದರು.

"ಅಲರ್ಜಿ ಅಲ್ಲಮ್ಮ. ನಿಮ್ಮ ಮೂಗಿನ ನರಗಳಿಗೆ ತಾಳ್ಮೆ ಕಮ್ಮಿ. ಆವಿ, ಚಳಿಗಾಳಿ, ಘಾಟು, ಯಾವುದು ತಾಗಿದ್ರೂ ನೀರು ಬಿಡುತ್ತೆ. ಆ ಅಂಗಡಿ ಹನಿ ನಿಲ್ಲಿಸಿ, ಮೂಗು ಕಟ್ಟೋದು ಅದರಿಂದಲೇ ಜಾಸ್ತಿಯಾಗಿದೆ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳ್ಕೊಳ್ಳಿ, ಈ ಸ್ಪ್ರೇ ಹಾಕ್ಕೊಳ್ಳಿ. ಪೂರ್ತಿ ಹೋಗುತ್ತೆ ಅನ್ನಲ್ಲ, ಹತೋಟಿಗೆ ಬರುತ್ತೆ. ಮನೇಲಿ ಘಾಟಿನ ಪದಾರ್ಥ ಏನಾದ್ರೂ ಇದ್ಯಾ?"

"ಇಲ್ಲ ಡಾಕ್ಟ್ರೇ" ಎಂದಳು ನಲ್ಲಿಯಮ್ಮ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಎಲ್ಲವೂ ನರದ ಆಟವಾದರೆ ಇಷ್ಟು ದಿನ ಪೆಟ್ಟಿಗೆಯಿಂದ ಬಂದವರು ಯಾರು?

ಸ್ಪ್ರೇ ಗೂಡಿನಲ್ಲೇ ಉಳಿಯಿತು. ಅದನ್ನು ಹಾಕಿಕೊಳ್ಳುವುದೆಂದರೆ ಅಕ್ಕನ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಎನಿಸುತ್ತಿತ್ತು. ಆದರೆ ಕೆಲಸವಿಲ್ಲದೆ ಕೂತ ಕೈ ಅವಳನ್ನೇ ತಿನ್ನತೊಡಗಿತು. ಕೊನೆಗೆ ಅಂಜುತ್ತಲೇ ಅಂಗಡಿಯ ಹನಿ ನಿಲ್ಲಿಸಿ, ಡಾಕ್ಟರಮ್ಮನ ಔಷಧಿ ಶುರುಮಾಡಿ, ಪೆಟ್ಟಿಗೆಯ ಕಡೆ ತಲೆಹಾಕುವುದನ್ನು ಬಿಟ್ಟಳು. ದಿನ ಕಳೆದಂತೆ ಸೋರುವುದು ಇಳಿಯಿತು. ಲಾಂಡ್ರಿಗೆ ಮರಳಿದಳು, ಆವಿಯ ಮುಂದೆ ನಿಂತರೂ ಮೂಗು ಒಣಗಿಯೇ ಇತ್ತು. ಒಂದು ಸಂಜೆ ಇದ್ದಕ್ಕಿದ್ದಂತೆ ಬಿಸಿ ಹತ್ತಿಬಟ್ಟೆಯ ಪರಿಮಳ ಮೂಗಿಗೆ ಬಡಿಯಿತು. ಪಕ್ಕದವಳ ಸೋಪಿನದೂ ಬಂತು. ಅವಳು ಇಸ್ತ್ರಿಯನ್ನು ಪಕ್ಕಕ್ಕಿಟ್ಟಳು. ವಾಸನೆ ಬರುತ್ತಿದೆ! ಹಾಗಾದರೆ ಅಕ್ಕನ ಲವಂಗವೂ ಬಂದೀತು. ಇನ್ನು ಮೂಗು ಸೋರಬೇಕಾಗಿಲ್ಲ, ಅಕ್ಕ ನಿಜವಾಗಿಯೇ ಸಿಕ್ಕಾಳು.

ಓಡಿಬಂದವಳೇ ಚಪ್ಪಲಿ ಬಿಡದೆ ಮುಚ್ಚಳ ತೆರೆದಳು. ಘಾಟು ಕಪಾಳಕ್ಕೆ ಹೊಡೆದಂತೆ ಎದ್ದಿತು. ಉಸಿರು ಹಿಡಿದು ಅಂಗಿಯಲ್ಲಿ ಮುಖ ಹುದುಗಿಸಿದಳು. ಕಂಕುಳ ಹೊಲಿಗೆ ಹುಡುಕಿದಳು, ಕಾಲರು ತಿರುವಿದಳು, ಶಾಲಿನ ಮಡಿಕೆ ಮಡಿಕೆಯನ್ನೂ ಬಿಚ್ಚಿ ಮೂಸಿದಳು. ಬೆವರಿಲ್ಲ, ಲವಂಗವಿಲ್ಲ. ನೂಲು ನೂಲಿನಲ್ಲೂ ನುಸಿಗುಳಿಗೆ. ಕಣ್ಣುಮುಚ್ಚಿ ಕಾದಳು. ಮೂಗಿನಿಂದ ಒಂದು ಹನಿಯೂ ಇಳಿಯಲಿಲ್ಲ. ಮೊದಲ ಸಲ ಧೈರ್ಯ ಮಾಡಿ ಹಿಂದಕ್ಕೆ ತಿರುಗಿದಳು. ಬರೀ ಗೋಡೆ.

"ಯಾಕೇ, ಮತ್ತೆ ಶುರುವಾಯ್ತಾ?" ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಇಲ್ಲ ಕಣ್ರೀ" ಎಂದಳು ಅವಳು, ಅಂಗಿಯನ್ನು ಎದೆಗೊತ್ತಿಕೊಂಡು. "ಅಕ್ಕ ಇದರಲ್ಲೇ ಇದ್ಲು. ಹಿಡಿ ಹಿಡಿ ಗುಳಿಗೆ ಹಾಕಿ ನಾನೇ ಓಡಿಸಿಬಿಟ್ಟೆ."