ಮಾಸ್ಟ್ರು ಕೂಗುತ್ತಿದ್ದ ಹಳೇ ಅಳತೆ

ಬಂಗಾರಪೇಟೆಯಲ್ಲಿ ನಮ್ಮ ಮನೆಯ ತಿರುವಿನಲ್ಲಿ ಒಬ್ಬರು ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುತ್ತಾರೆ. ಮೊನ್ನೆ ಬೆಳಗ್ಗೆ ಹಾಲು ತರಲು ಹೋದಾಗ ಅವರು ಯಾರದೋ ರವಿಕೆಯ ಮೇಲೆ ನೀರು ಚಿಮುಕಿಸಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಒತ್ತಿದರು. ಒದ್ದೆ ಹತ್ತಿಬಟ್ಟೆ ಕಾದಾಗ ಏಳುವ ಆ ವಾಸನೆ, ಜೊತೆಗೆ ಒಂದಿಷ್ಟು ಇದ್ದಿಲ ಹೊಗೆ… ಹಾಲಿನ ಪಾಕೆಟ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಏನಾದ್ರೂ ಬೇಕಿತ್ತಾ ಮೇಡಂ?" ಎಂದು ಕೇಳಿದರು. ಏನೂ ಬೇಡ ಎಂದೆ. ಬೇಕಾಗಿದ್ದವರು ಹೋಗಿ ಏಳು ವರ್ಷವಾಯಿತು ಎಂದು ಇಸ್ತ್ರಿಯವರಿಗೆ ಹೇಳಿ ಏನು ಪ್ರಯೋಜನ.

ಹಾಗೆ ಹೋದವರು ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಟೈಲರ್ ಆಗಿದ್ದರು. ಊರೆಲ್ಲ ಕರೆಯುವಂತೆ ನಾನೂ ಮಾಸ್ಟ್ರು ಎಂದೇ ಕರೆಯುತ್ತಿದ್ದೆ. ಗಣಿ ಕಾರ್ಮಿಕರ ಲೈನ್ ಮನೆಗಳ ಸಾಲು ಮುಗಿಯುವಲ್ಲಿ ತಗಡಿನ ಮಾಡಿನ ಒಂದೇ ಕೋಣೆಯ ಅಂಗಡಿ. ಬಾಗಿಲ ಪಕ್ಕ ಅವರ ಹೊಲಿಗೆ ಯಂತ್ರ, ಒಳಗೆ ಚಾಪೆಯ ಮೇಲೆ ಕೂತು ಹುಕ್ಕು ಹಾಕುವ ಹೆಂಡತಿ, ಮೂಲೆಯಲ್ಲಿ ಸದಾ ಕೆಂಡ ತುಂಬಿಕೊಂಡಿರುತ್ತಿದ್ದ ಇಸ್ತ್ರಿಪೆಟ್ಟಿಗೆ. ಅವರ ಅಪ್ಪ ಗಣಿಗೆ ಇಳಿಯುತ್ತಿದ್ದವರು. ಮಗನಾದರೂ ನೆಲದ ಮೇಲೆ ಇರಲಿ ಎಂದು ಹೊಲಿಗೆ ಕಲಿಯಲು ಬಿಟ್ಟರಂತೆ. ನನ್ನ ಜೊತೆ ಕನ್ನಡ, ಎದುರು ಮನೆಯವರ ಜೊತೆ ತೆಲುಗು, ಬೆರಳಿಗೆ ಸೂಜಿ ಚುಚ್ಚಿಕೊಂಡಾಗ ಮಾತ್ರ ಮನೆಮಾತು ತಮಿಳು.

ಕೆಜಿಎಫ್‌ನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಲು ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಓಡಾಟ. ಜೊತೆಯ ಲೆಕ್ಚರರ್ ಒಬ್ಬರು ಆ ಅಂಗಡಿ ತೋರಿಸಿದರು. ಮಾಸ್ಟ್ರು ಟೇಪು ಹಿಡಿದು, ಬಸ್ ಕಂಡಕ್ಟರ್ ಊರಿನ ಹೆಸರು ಕೂಗುವಂತೆ ಅಳತೆ ಕೂಗಿದರು. ಹಿಂದಿನ ಉದ್ದ ಹದಿನಾಲ್ಕು. ಮುಂದೆ ಹದಿನಾಲ್ಕೂವರೆ. ಸೊಂಟ ಇಪ್ಪತ್ತೆಂಟು. ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ನಾಚಿಕೆಯಿಂದ ಸತ್ತೇಹೋದೆ. ಕೂಗಿ ಮುಗಿಸಿ, ದಪ್ಪ ಪುಸ್ತಕದಲ್ಲಿ ನನಗೊಂದು ಪುಟ ಮಾಡಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಇಪ್ಪತ್ತೆಂಟು ವರ್ಷ ಬೇರೆ ಯಾರ ಕೈಗೂ ನಾನು ರವಿಕೆ ಕೊಡಲಿಲ್ಲ.

ನಲವತ್ತು ದಾಟಿದ ಮೇಲೆ ಒಂದು ದಿನ ಅವರು ಎಂದಿನಂತೆ "ಸೊಂಟ ಇಪ್ಪತ್ತೆಂಟು" ಎಂದರು. ಎರಡು ಹೆತ್ತವಳು ನಾನು, ನನ್ನ ಸೊಂಟ ನನಗೆ ಗೊತ್ತಿಲ್ಲವೇ. ಆದರೆ ರವಿಕೆ ಮಾತ್ರ ಮೈಗೆ ಎರಕ ಹೊಯ್ದ ಹಾಗೆ ಕೂರುತ್ತಿತ್ತು. ಇದೇನು ಮಾಟ ಮಾಸ್ಟ್ರೇ ಎಂದು ಕೇಳಿದೆ.

"ಪುಸ್ತಕದಲ್ಲಿ ಸರಿಯಾಗೇ ಬರ್ದಿದೀನಿ ಟೀಚರಮ್ಮ," ಎಂದರು. "ಕೂಗೋದು ಮಾತ್ರ ಹಳೇದು. ಮೊದಲ್ನೇ ಸಲ ಬಂದಾಗ ಏನಿತ್ತೋ ಅದು."

ನಲವತ್ತು ದಾಟಿದ ಎಲ್ಲರಿಗೂ ಅವರದು ಇದೇ ಪದ್ಧತಿಯಂತೆ. ಟೇಪು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಕೂಗುತ್ತದೆ, ಕತ್ತರಿ ಟೇಪಿನ ಮಾತು ಕೇಳುತ್ತದೆ. ಅಂಗಡಿಯಿಂದ ಹೊರಬೀಳುವ ಹೆಂಗಸರ ಮುಖ ಯಾಕೆ ಅಷ್ಟು ಅರಳಿರುತ್ತಿತ್ತು ಎಂಬುದು ಆವತ್ತು ತಿಳಿಯಿತು. ನಾನೇನು ಕಡಿಮೆಯೇ, ಆ ಸುಳ್ಳು ಕೇಳಲೆಂದೇ ಮುಂದಿನ ತಿಂಗಳು ಬೇಡದಿದ್ದರೂ ಇನ್ನೊಂದು ರವಿಕೆ ಹೊಲಿಸಿದೆ.

ಸಂಜೆಯ ರೈಲಿಗೆ ಹೊತ್ತಿದ್ದರೆ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕ್ಲಾಸಿನಲ್ಲಿ ಏನು ಪಾಠವಾಯಿತು ಎಂದು ಅವರು ಕೇಳಿಯೇ ಕೇಳುತ್ತಿದ್ದರು. ಒಮ್ಮೆ ಮುಪ್ಪು ಯಾಕೆ ಬರುತ್ತದೆ ಎಂಬ ಪಾಠ ಮಾಡಿ ಬಂದಿದ್ದೆ. ಬಳಸಿ ಬಳಸಿ ದೇಹ ಸವೆಯುತ್ತದೆ ಎಂದು ಕೆಲವರು ಹೇಳುತ್ತಾರೆ ಎಂದೆ. ಒಂದೊಂದು ಜೀವಕೋಶವೂ ಇಷ್ಟೇ ಸಲ ಒಡೆದು ಎರಡಾಗಬಹುದೆಂಬ ಮಿತಿ ಇದೆ, ಪ್ರತಿ ಸಲವೂ ಅದರ ವರ್ಣತಂತುವಿನ ತುದಿ ಒಂದಿಷ್ಟು ಮೊಟಕಾಗುತ್ತದೆ ಎಂದೂ ಹೇಳಿದೆ. ನಾವು ಬದುಕಲು ಎಳೆದುಕೊಳ್ಳುವ ಉಸಿರೇ ಒಳಗೊಳಗೆ ಕೋಶಗಳನ್ನು ಹಾಳು ಮಾಡುತ್ತದೆ ಎನ್ನುವವರೂ ಇದ್ದಾರೆ ಎಂದೆ. ಮಾಸ್ಟ್ರು ಯಂತ್ರ ನಿಲ್ಲಿಸಿ ಕೇಳಿದರು.

"ಈ ಮೂರ್ರಲ್ಲಿ ಯಾವ್ದು ನಿಜ?"

ಎಲ್ಲವೂ ಸ್ವಲ್ಪ ಸ್ವಲ್ಪ ಇರಬಹುದು, ಪೂರ್ತಿ ಇನ್ನೂ ಗೊತ್ತಾಗಿಲ್ಲ ಎಂದೆ.

"ಅಂದ್ರೆ ನಿಮ್ಗೂ ಗೊತ್ತಿಲ್ಲ," ಎಂದು ಬಹಳ ಸಮಾಧಾನದಿಂದ ಪೆಡಲು ತುಳಿಯತೊಡಗಿದರು.

ಅವರಿಗೆ ಗೊತ್ತಿದ್ದದ್ದೇ ಬೇರೆ. ವಯಸ್ಸು ಎಲ್ಲ ಕಡೆಯಿಂದ ಸಮವಾಗಿ ಬರುವುದಿಲ್ಲ ಎನ್ನುತ್ತಿದ್ದರು. ಗಣಿಯಲ್ಲಿ ಡ್ರಿಲ್ ಹೊತ್ತವರಿಗೆ ಮೊದಲು ಒಂದು ಭುಜ ಇಳಿಯುತ್ತದೆ. ಕೆಲವರಿಗೆ ಕತ್ತು ಮುಂದಕ್ಕೆ ಬರುತ್ತದೆ. ತೋಳು ಸಣ್ಣಗಾಗುತ್ತದೆ, ಆದರೆ ಚರ್ಮ ಜೋತುಬೀಳುವುದರಿಂದ ತೋಳಿನ ಬಟ್ಟೆ ಬಿಗಿ ಮಾಡುವಂತಿಲ್ಲ. ಬೆನ್ನು ಬಾಗಿದಾಗ ಹಿಂದಿನ ಉದ್ದ ಹೆಚ್ಚುತ್ತದೆ, ಮುಂದಿನದು ಕುಗ್ಗುತ್ತದೆ. ಪಕ್ಕದ ಮೈಸೂರು ಮೈನ್ಸ್ ಗಣಿ ಕಡೆಯ ಒಬ್ಬ ಹಳೇ ಗಣಿ ಕೆಲಸಗಾರರು ಎರಡು ವರ್ಷದ ಹಿಂದೆ ಹೊಲಿಸಿದ ಶರ್ಟು ತಂದು, ಹಿಂದೆ ಗಿಡ್ಡವಾಗಿ ಮೇಲೇಳುತ್ತಿದೆ, ಟೈಲರ್ ಬಟ್ಟೆ ಕದ್ದಿದ್ದಾನೆ ಎಂದು ಬೀದಿಯಲ್ಲಿ ನಿಂತು ಜಗಳ ತೆಗೆದರಂತೆ. ನಿಮ್ಮ ಬೆನ್ನು ಬಾಗಿದೆ ಅಣ್ಣಾ ಎನ್ನುವ ಬದಲು ಮಾಸ್ಟ್ರು ಕಳ್ಳತನ ಒಪ್ಪಿಕೊಂಡು, ಬೇರೆ ಬಟ್ಟೆ ತಂದು ಹೊಸ ಶರ್ಟು ಹೊಲಿದು ಕೊಟ್ಟರು. ಈ ಕಥೆ ಕೇಳಿ ನಾನು ನಕ್ಕು ನಕ್ಕು ರೈಲು ತಪ್ಪಿಸಿಕೊಂಡಿದ್ದೆ.

ನಮ್ಮಮ್ಮನೂ ಅವರಲ್ಲೇ ಹೊಲಿಸುತ್ತಿದ್ದಳು. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಳು. ಮನೆಯೆಲ್ಲ ಸೊಸೆಯದು, ಎರಡು ಹಸು ಮಾತ್ರ ಅಮ್ಮನವು. ಬೆಳಗಿನ ಜಾವ ಎದ್ದು ಹಾಲು ಕರೆದು ಡೈರಿಗೆ ತಾನೇ ಹೊತ್ತುಕೊಂಡು ಹೋಗಬೇಕು, ಬೇರೆಯವರು ಕೈ ಹಾಕಿದರೆ ಹಸುವಿಗಿಂತ ಮೊದಲು ಅಮ್ಮ ಒದೆಯುತ್ತಿದ್ದಳು. ವರ್ಷಕ್ಕೆ ಎರಡು ಸಲ ಬಸ್ಸು ಹತ್ತಿ ಕೆಜಿಎಫ್‌ಗೆ ಬರುತ್ತಿದ್ದಳು, ನಾನು ಕಾಲೇಜು ಮುಗಿಸಿ ಅಂಗಡಿಗೆ ಕರೆದೊಯ್ಯುತ್ತಿದ್ದೆ. ಅವಳಿಗೆ ಎಪ್ಪತ್ತಾದ ಮೇಲೆ ನನ್ನದು ಒಂದೇ ರಾಗ: ಇನ್ನು ಸಾಕು, ಹಸು ಮಾರು, ಬಂದು ನನ್ನ ಜೊತೆ ಇರು. ಮಾಸ್ಟ್ರು ಅಳತೆ ಕೂಗುತ್ತಿದ್ದರು, ಅಮ್ಮ ನನ್ನ ಕಡೆ ತಿರುಗುತ್ತಿದ್ದಳು.

"ಕೇಳುದ್ಯಾ? ಮೊದಲ್ನಂಗೇ ಇವ್ನಿ ನಾನು. ಅಸು ತಂಟೆಗೆ ಬರಬ್ಯಾಡ."

ನಾನು ಹಸುವಿನ ಮಾತು ಅಲ್ಲಿಗೇ ಬಿಡುತ್ತಿದ್ದೆ. ಕೂಗುವುದು ಹಳೇ ಅಳತೆ ಎಂದು ಗೊತ್ತಿದ್ದೂ, ಅಮ್ಮನ ವಿಷಯದಲ್ಲಿ ಅದು ನಿಜವೇ ಇರಬೇಕು ಅಂದುಕೊಂಡೆ. ರವಿಕೆಗಳು ಅಷ್ಟು ಚೆನ್ನಾಗಿ ಕೂರುತ್ತಿದ್ದವು. ಸೆರಗು ಹೊದ್ದ ಬೆನ್ನನ್ನು ನಾನು ಯಾವತ್ತೂ ಕಣ್ಣಿಟ್ಟು ನೋಡಲೇ ಇಲ್ಲ…

ಒಂದು ಬೆಳಗ್ಗೆ ಅಮ್ಮ ಹಸುವಿಗೆ ನೀರಿಡಲು ಬಕೆಟ್ ಎತ್ತಿದಳು. ಜಾರಲೂ ಇಲ್ಲ, ಬೀಳಲೂ ಇಲ್ಲ. ಬೆನ್ನಲ್ಲಿ ಏನೋ ಲಟಕ್ ಎಂದಿತಂತೆ, ಕೂತವಳಿಗೆ ಏಳಲಾಗಲಿಲ್ಲ. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಎರಡು ಮಣಿ ಈಗ ಕುಸಿದಿದ್ದವು. ಅದಕ್ಕೂ ಮುಂಚೆ ಯಾವಾಗಲೋ ಕುಸಿದು ಹಾಗೇ ಕೂಡಿಕೊಂಡ ಇನ್ನೂ ಎರಡು ಇದ್ದವು. ಇದು ವರ್ಷಗಳಿಂದ ಆಗಿರುವುದು, ಎತ್ತರ ಕಡಿಮೆಯಾದದ್ದು ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಕಟ್ಟುವುದಕ್ಕಿಂತ ಬೇಗ ಕರಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದವಳು ನಾನು.

ನನ್ನ ಮೇಲಿನ ಸಿಟ್ಟನ್ನೆಲ್ಲ ಮರುದಿನ ಚಾಂಪಿಯನ್ ರೀಫ್ಸ್‌ಗೆ ಹೊತ್ತುಕೊಂಡು ಹೋದೆ. ಪುಸ್ತಕ ತೆಗೆಯಿರಿ ಎಂದೆ. ಮಾಸ್ಟ್ರು ಅಮ್ಮನ ಪುಟ ತೆಗೆದು ಮುಂದಿಟ್ಟರು. ಹಿಂದಿನ ಉದ್ದ ಹೆಚ್ಚುತ್ತಾ, ಮುಂದಿನದು ಕಾಲು ಅಂಗುಲ, ಅರ್ಧ ಅಂಗುಲ ಇಳಿಯುತ್ತಾ ಬಂದದ್ದು ಹೊಲಿಸಿದ ದಿನಗಳ ಸಮೇತ ಅಲ್ಲಿತ್ತು. ನಾಲ್ಕೈದು ವರ್ಷದಿಂದ ಅಮ್ಮನ ಬೆನ್ನು ಬಾಗುತ್ತಿರುವುದು ಈ ಮನುಷ್ಯನಿಗೆ ಗೊತ್ತಿತ್ತು.

"ಬಟ್ಟೆ ಹೊಲಿಯೋ ಕೆಲಸ ಮಾಡಬೇಕಿತ್ತು ನೀನು. ಸುಳ್ಳು ಹೇಳು ಅಂತ ಯಾರು ಕೇಳಿದ್ರು?" ಎಂದೆ.

ಇಪ್ಪತ್ತೈದು ವರ್ಷದ ಪರಿಚಯ, ನನಗಿಂತ ಹದಿನೈದು ವರ್ಷ ದೊಡ್ಡವರು, ಅವರನ್ನು ಮೊದಲ ಸಲ ನೀನು ಎಂದೆ. ಅವರ ಹೆಂಡತಿ ಹುಕ್ಕು ಹಾಕುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಮಾಸ್ಟ್ರು, ಅಮ್ಮ ಹೇಗಿದ್ದಾರೆ ಎಂದಷ್ಟೇ ಕೇಳಿದರು. ಪುಸ್ತಕವನ್ನು ಅವರ ಮುಂದಕ್ಕೆ ತಳ್ಳಿ ಎದ್ದು ಬಂದೆ.

ಅಮ್ಮನನ್ನು ಬಂಗಾರಪೇಟೆಗೆ ನನ್ನ ಮನೆಗೇ ತಂದೆವು. ವಾರದೊಳಗೆ ನನ್ನ ತಮ್ಮ ಹಸುಗಳನ್ನು ಮಾರಿದ. ನಾನು ಬಯಸಿದ್ದೆಲ್ಲ ಆಯಿತು, ನೋಡಿ. ಹಳೇ ರವಿಕೆ ಹಾಕಿಸಲು ಬರುತ್ತಿರಲಿಲ್ಲ, ನೈಟಿ ತಂದೆ. ಅಮ್ಮ ಅದನ್ನು ಮಂಚದ ಕೆಳಗೆ ಎಸೆದು, ಮಾಸ್ಟ್ರನ್ನು ಕರೆಸು ಎಂದಳು. ಅವರನ್ನು ಬೈದು ಬಂದಿದ್ದೇನೆ, ಇನ್ನು ಆ ಅಂಗಡಿಗೆ ಹೋಗುವುದಿಲ್ಲ ಎಂದೆ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

"ಆವಯ್ಯ ಮೂರು ವರ್ಷದ ಕೆಳಗೇ ನನ್ನ ಕೇಳ್ದ ಕಣಮ್ಮಿ," ಎಂದಳು ಆಮೇಲೆ. "ಬೆನ್ನು ಬಾಗ್ತಾ ಐತೆ, ಟೀಚರಮ್ಮನ್ಗೆ ಏಳ್ಲಾ ಅಂತ. ನಾನೇ ಬ್ಯಾಡ ಅಂದೆ. ಆಣೆ ಇಡಿಸ್ಕೊಂಡೆ. ನಿಂಗೆ ಗೊತ್ತಾಗಿದ್ರೆ ಅವತ್ತೇ ಅಸು ಮಾರಿಸ್ಬಿಡ್ತಿದ್ದೆ. ಅಸು ಇಲ್ದೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?"

ನನಗೆ ಅಳು ಬಂತು. ಅಮ್ಮನ ಮೇಲೋ, ಮಾಸ್ಟ್ರ ಮೇಲೋ, ನನ್ನ ಮೇಲೋ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ನಾನು ಹೇಳಿ ಕಳಿಸಿದ ವಾರದ ಭಾನುವಾರವೇ ಮಾಸ್ಟ್ರು ರೈಲಿನಲ್ಲಿ ಬಂದರು. ಮಗ್ಗುಲಾಗಿ ಮಲಗಿದ್ದವಳನ್ನು ನೋಯಿಸದೆ ಟೇಪನ್ನು ಮೈಯ ಕೆಳಗೆ ನುಸುಳಿಸಿದರು. ಪುಸ್ತಕ ನನ್ನ ಕೈಗೆ ಕೊಟ್ಟರು. ಅಭ್ಯಾಸಬಲದಿಂದ ಹಳೇ ಅಳತೆ ಕೂಗಲು ಬಾಯಿ ತೆರೆದಾಗ ಅಮ್ಮ ತಡೆದಳು.

"ಇವತ್ತು ನಿಜಾನೇ ಏಳಪ್ಪ. ಅಸು ಓಯ್ತಲ್ಲ, ಇನ್ಯಾಕೆ."

ಮಾಸ್ಟ್ರು ನನ್ನ ಮುಖ ನೋಡಿದರು. ಆಮೇಲೆ ಕೂಗದೆ, ಮೆತ್ತಗೆ, ಒಂದೊಂದಾಗಿ ಹೇಳಿದರು. ಮುಂದೆ ಹನ್ನೊಂದೂವರೆ. ತೋಳು ಎಂಟು. ನಾನು ಬರೆದುಕೊಂಡೆ. ಅಮ್ಮ ಎಲ್ಲ ಕೇಳಿಸಿಕೊಂಡು, ಇಷ್ಟೇನಾ ನಾನು ಉಳಿದಿರೋದು ಎಂದು ಸಣ್ಣಗೆ ನಕ್ಕಳು. ಮಾಸ್ಟ್ರು ನಗಲಿಲ್ಲ, ಟೇಪು ಸುತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತರು.

ಸ್ಟೇಷನ್‌ವರೆಗೆ ಅವರ ಜೊತೆ ನಡೆದು ಹೋದೆ. ತಪ್ಪಾಯಿತು ಮಾಸ್ಟ್ರೇ, ನಿಮ್ಮನ್ನು ನೀನು ಅಂದುಬಿಟ್ಟೆ ಎಂದೆ.

"ವಿಡುಂಗಮ್ಮಾ, ಅದು ಬಿಟ್ಟಾಕಿ. ನಮ್ಮಮ್ಮ ಹೋದ್ಮೇಲೆ ನನ್ನ ನೀನು ಅನ್ನೋರೇ ಇರ್ಲಿಲ್ಲ. ಇಪ್ಪತ್ತು ವರ್ಷ ಚಿಕ್ಕೋನಾದ ಹಾಗಾಯ್ತು," ಎಂದು ಕೀಟಲೆ ಮಾಡಿದರು. ರೈಲು ಬರುವುದು ಕಾಣಿಸಿದಾಗ ಮಾತ್ರ, "ಆಣೆ ಇದ್ರೂ ನಾನು ಹೇಳ್ಬೇಕಿತ್ತು. ಗೊತ್ತಿದ್ದೋನು ನಾನೊಬ್ನೇ," ಎಂದರು.

ಅಮ್ಮ ಹದಿನಾಲ್ಕು ತಿಂಗಳು ಮಾಸ್ಟ್ರು ಆ ಅಳತೆಗೆ ಹೊಲಿದು ಕಳಿಸಿದ ರವಿಕೆಗಳಲ್ಲೇ ಇದ್ದಳು. ಬೆಳಗ್ಗೆ ಕಣ್ಣು ಬಿಟ್ಟವಳು ಹಾಲು ಕರೆದಾಯ್ತಾ ಎಂದು ಕೇಳುತ್ತಿದ್ದಳು. ಆಯ್ತಮ್ಮ ಎನ್ನುತ್ತಿದ್ದೆ. ಸುಳ್ಳು ಹೇಳಬಾರದೆಂದು ಮಾಸ್ಟ್ರಿಗೆ ಬುದ್ಧಿ ಹೇಳಿದ ಬಾಯಿ ಇದೇ.

ಅಮ್ಮ ಹೋದ ಮೇಲೆ ಮಾಸ್ಟ್ರು ಬದಲಾದರು. ವಯಸ್ಸಾದವರ ಬೆನ್ನಳತೆ ಏರುಪೇರಾದರೆ ಮಕ್ಕಳನ್ನು ಪಕ್ಕಕ್ಕೆ ಕರೆದು, ಡಾಕ್ಟರ್ ಹತ್ರ ತೋರಿಸಿ ಎನ್ನತೊಡಗಿದರು. ಕೆಲವರು ತೋರಿಸಿದರು. ಹಲವರು, ಅಪಶಕುನ ನುಡಿಯುವ ಟೈಲರ್ ಎಂದು ಬೇರೆ ಅಂಗಡಿ ಹಿಡಿದರು. ಅವರು ಹಳೇ ಅಳತೆ ಕೂಗುವುದನ್ನೂ ನಿಲ್ಲಿಸಿದ್ದರು. ನನಗೆ ಮಾತ್ರ, ನಾನು ಕೇಳಿಕೊಂಡದ್ದಕ್ಕೆ, ಕೊನೆಯವರೆಗೂ ಕೂಗಿದರು. ಒಂದು ಬೇಸಿಗೆ ರಜೆ ಮುಗಿಸಿ ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಅವರು ಹೋಗಿ ಆಗಲೇ ಮೂರು ವಾರವಾಗಿತ್ತು, ಹೆಂಡತಿ ಮಗಳ ಮನೆಗೆ ಕುಪ್ಪಂಗೆ ಹೋಗಿದ್ದರು. ಎದುರು ಮನೆಯವರು ಹೇಳಿದ್ದು ಇಷ್ಟೇ…

ಈಗ ನನಗೆ ಅರವತ್ತೊಂದು. ಹೋದ ತಿಂಗಳು ಇಲ್ಲೇ ಒಂದು ಹೊಸ ಬೊಟಿಕ್‌ನಲ್ಲಿ ರವಿಕೆ ಕೊಟ್ಟೆ. ಚುರುಕು ಹುಡುಗಿ, ಅಳತೆ ತೆಗೆದು ತೆಗೆದು ಫೋನಿನಲ್ಲಿ ಒತ್ತಿಕೊಂಡಳು. ಎಷ್ಟು ಬಂತಮ್ಮ ಎಂದು ಕೇಳಿದೆ. ಹಿಂದೆ ಹದಿನೈದು, ಮುಂದೆ ಹದಿಮೂರು ಆಂಟಿ ಎಂದಳು. ಅದರ ಅರ್ಥ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ವಾರ ಹೋಗಿ ಮೂಳೆಯ ಸ್ಕ್ಯಾನ್ ಮಾಡಿಸಿದೆ, ಮಗಳಿಗೂ ಮಗನಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ, ಮಾತ್ರೆ ನುಂಗುತ್ತಿದ್ದೇನೆ, ಬಕೆಟ್ ಎತ್ತುವುದಿಲ್ಲ. ಅಮ್ಮ ಮಾಡಿದ ಹಾಗೆ ನಾನು ಮುಚ್ಚಿಡಲಿಲ್ಲ.

ನಿಜ ಹೇಳುವವರು ನನಗೆ ಈಗ ಬೇಕಾದಷ್ಟು ಜನ ಇದ್ದಾರೆ. ಡಾಕ್ಟರು ಹೇಳುತ್ತಾರೆ, ಸ್ಕ್ಯಾನಿಂಗ್‌ನವರು ಅಚ್ಚು ಹಾಕಿ ಕೊಡುತ್ತಾರೆ, ಮಗಳು ದಿನಕ್ಕೆರಡು ಸಲ ಫೋನಿನಲ್ಲಿ ಹೇಳುತ್ತಾಳೆ. ಆದರೂ ಆ ಹುಡುಗಿ ಟೇಪು ಸುತ್ತಿಟ್ಟ ಮೇಲೂ ನಾನು ಹಾಗೇ ನಿಂತಿದ್ದೆ, ಮುಗೀತು ಆಂಟಿ ಎಂದು ಅವಳು ಎರಡು ಸಲ ಹೇಳಬೇಕಾಯಿತು. ನನ್ನ ಇಪ್ಪತ್ತಾರನೇ ವಯಸ್ಸಿನ ಮೈಯನ್ನು ಬಲ್ಲವರು, ಬೀದಿಗೆಲ್ಲ ಕೇಳುವ ಹಾಗೆ ಅದನ್ನು ಕೂಗುವವರು ಯಾರೂ ಈಗ ಉಳಿದಿಲ್ಲ.