ಗಾಜಿನೊಳಗಿನ ಬಂಗುಡೆ

ಬೆಳಗಿನ ಐದೂವರೆ. ಬೈಂದೂರು ಕಡೆಯ ಹಳೆಯ ಇಗರ್ಜಿಯೊಂದರಲ್ಲಿ ಸೋಮ ಏಣಿ ಹತ್ತಿ, ಟಾರ್ಚು ಹಿಡಿದು, ಚಿತ್ರದಲ್ಲಿರುವ ಮೇರಿಯಮ್ಮನ ಕೆನ್ನೆಯ ಮೇಲೆದ್ದ ಬಣ್ಣದ ಗುಳ್ಳೆಗಳನ್ನು ಎಣಿಸುತ್ತಿದ್ದಾರೆ. ಹೋದ ಭಾನುವಾರ ನಾಲ್ಕಿದ್ದವು, ಇಂದು ಏಳು. ಮುಟ್ಟುವಂತಿಲ್ಲ, ನಡುವೆ ಗಾಜಿದೆ. ಅದರ ಹೊರಮೈ ಒರೆಸಿ ಇಳಿಯುತ್ತಾರೆ.

ಮೇರಿಯಮ್ಮ, ತೊಡೆಯಲ್ಲಿ ಮಗು, ಪಕ್ಕದಲ್ಲಿ ಮೀನು ಹಿಡಿದ ತರುಣ. ಪುನರುಜ್ಜೀವನ ಕಾಲದಲ್ಲಿ ಇಟಲಿಯಲ್ಲಿ ಬರೆದ ಚಿತ್ರದ ಹಳೆಯ ನಕಲಿದು. ಗಂಗೊಳ್ಳಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುವ ಸೋಮರನ್ನು ಇಪ್ಪತ್ತೆರಡು ವರ್ಷದ ಹಿಂದೆ ಆಗಿನ ಪಾದ್ರಿ ಕರೆಸಿದರು. ಉಪ್ಪುಗಾಳಿಗೆ ಮೀನು ಉದುರಿಹೋಗಿತ್ತು.

"ಇಟಲಿ ಮೀನ್ ನಾ ಎಲ್ಲ್ ಕಂಡಿದೆ ಮರ್ರೆ? ದೋಣಿ ಮೇಲೆ ಬರುದ್ ಬಂಗುಡಿ. ಅದನ್ನೇ ಬರ್ದೆ, ಬೆನ್ನಿನ್ ಗೆರಿ ಸಮೇತ."

ಅಂದಿನಿಂದ ದಿನಾ ಬೆಳಗ್ಗೆ ಪೂರ್ವದ ಕಿಟಕಿ ತೆರೆದು ಒಣಗಾಳಿ ಆಡಿಸುವುದು, ಕಡಲಗಾಳಿ ಏಳುವ ಮೊದಲು ಮುಚ್ಚುವುದು ಅವರ ಕೆಲಸವಾಯಿತು. ಚಿತ್ರ ಉಳಿದದ್ದೇ ಅದರಿಂದ.

ಮೂರು ವರ್ಷದ ಹಿಂದೆ ಒಂದು ಪತ್ತೇದಾರಿ ಕಾದಂಬರಿ ಬಂತು. ಈ ಚಿತ್ರದ ಮೀನಿನ ಒಂಬತ್ತು ಗೆರೆಗಳು ಹೂತಿಟ್ಟ ಚಿನ್ನದ ಗುರುತು ಎಂದಿತು. ಓದಿದವರು ಗುಂಪುಗುಂಪಾಗಿ ಬಂದರು, ಒಬ್ಬ ಮೊಳೆಯಿಂದ ಕೆರೆದ. ಹಿಂದೆಯೇ ಸಂಶೋಧಕರು ಬಂದರು. ಮುನ್ನೂರು ವರ್ಷದ ಹಿಂದೆ ಇಲ್ಲಿಯ ಅಜ್ಞಾತ ಕಲಾವಿದ ಪರಂಗಿಯವರಿಗೆ ತೋರಿದ ಪ್ರತಿರೋಧವೇ ಈ ಬಂಗುಡೆ ಎಂದು ನಲವತ್ತು ಪುಟ ಬರೆದರು. ಆ ಮೀನು ಬರೆದದ್ದು ನಾನೇ ಎಂದು ಸೋಮ ಹೇಳಿದರೆ ದಾಖಲೆ ಕೇಳಿದರು. ಪಾದ್ರಿ ತೀರಿಕೊಂಡಿದ್ದಾರೆ, ಆ ಕೆಲಸದ ಬಗ್ಗೆ ಒಂದು ಚೀಟಿಯನ್ನೂ ಯಾರೂ ಬರೆದಿಟ್ಟಿಲ್ಲ.

"ಹ್ವಾಯ್, ಮುನ್ನೂರ್ ವರ್ಷದವ್ರೆ, ಚಾ ಆರತ್ತ್, ಬನಿ," ಎಂದು ಹೆಂಡತಿ ಸರೋಜ ಈಗಲೂ ಕಿಚಾಯಿಸುತ್ತಾರೆ. ಸೋಮ ನಗುವುದಿಲ್ಲ.

ಸಂಶೋಧಕರ ಮಾತು ಕೇಳಿ ಇಗರ್ಜಿಯ ಸಮಿತಿ ಚಿತ್ರಕ್ಕೆ ಗಾಜು ಹಾಕಿಸಿತು, ಕಿಟಕಿಗೆ ಮೊಳೆ ಹೊಡೆಸಿತು. ಗಾಜಿನ ಒಳಮೈಯಲ್ಲೀಗ ಹನಿಗಟ್ಟಿದೆ.

"ಗ್ವಾಡಿ ಬೆವ್ರತ್ತ್. ಆ ನೀರ್ ಹೋಪುದೆಲ್ಲಿಗೆ? ಅಮ್ಮನ ಮುಖಕ್ಕೇ."

ಮೂರು ಸಲ ಸಮಿತಿಯ ಮುಂದೆ ನಿಂತು ಹೇಳಿದ್ದಾರೆ. ತಜ್ಞರು ಬರುವವರೆಗೆ ಯಾರೂ ಏನನ್ನೂ ಮುಟ್ಟಬಾರದು ಎಂಬುದೇ ಮೂರು ಸಲದ ಉತ್ತರ. ತಜ್ಞರು ಬರುವುದು ಮುಂದಿನ ವರ್ಷ. ಮುಖ ಈ ಮಳೆಗಾಲ ದಾಟುವುದಿಲ್ಲ ಎಂಬುದು ಸೋಮರ ಅಂದಾಜು. ದೋಣಿಯ ಹಲಗೆಯ ಮೇಲೆ ಅಂಥ ಗುಳ್ಳೆಗಳನ್ನು ಅವರು ಸಾಕಷ್ಟು ನೋಡಿದ್ದಾರೆ.

ತಮ್ಮ ಹೆಸರು ಹಾಕಿಸಬೇಕೆಂಬ ಆಸೆಯೂ ಅವರಿಗಿಲ್ಲ.

"ಚಿನ್ನ ಅಂದ್ರೂ ಅಡ್ಡಿಲ್ಲ, ಮುನ್ನೂರ್ ವರ್ಷ ಅಂದ್ರೂ ಅಡ್ಡಿಲ್ಲ. ಬೇಕಾರೆ ನನ್ ಬಂಗುಡಿ ಅಳ್ಸಿ ಹಾಕ್ಲಿ. ಆ ಕಿಟ್ಕಿ ಒಂದ್ ತೆಗುಕೆ ಬಿಡ್ಲಿ ಮರ್ರೆ. ಗಾಳಿ ಅಲ್ಲೇ ಹೊರ್ಗ್ ನಿಂತ್ಕಂಡಿತ್."