ಹದಿನಾಲ್ಕು ಇಂಚು ಮೇಲಕ್ಕೆ

ನನ್ನ ಹಣೆಯ ಎಡಕ್ಕೆ, ಕೂದಲು ಶುರುವಾಗುವ ಕಡೆ, ಒಂದು ಗಂಟಿದೆ. ನೋಡಿದರೆ ಕಾಣುವುದಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ಕಪಾಟಿನ ಬಾಗಿಲಿನ ಮೂಲೆ ಒಂದೇ ಜಾಗಕ್ಕೆ ಬಡಿದು ಬಡಿದು ಆದದ್ದು ಅದು.

ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿದಾಗ ನನಗೆ ಮದುವೆಯಾಗಿ ಒಂದು ವರ್ಷ. ಅತ್ತೆಯ ತವರು ಗುಬ್ಬಿ ತಾಲ್ಲೂಕಿನ ಕಡಬ. ಅವರ ಅಪ್ಪ ತಮ್ಮ ತೋಟದ ಎರಡು ಹಲಸಿನ ಮರ ಕೊಯ್ಯಿಸಿ, ಮಗಳ ಹೊಸ ಅಡುಗೆಮನೆಗೆಂದು ಹಲಗೆ ಕಳಿಸಿದ್ದರು. ಅದರಲ್ಲಿ ಐದು ಗೋಡೆ ಕಪಾಟುಗಳಾದವು. ಹೊಸದರಲ್ಲಿ ಅರಿಸಿನದ ಬಣ್ಣ, ಹತ್ತಿರ ಹೋದರೆ ಹಸಿ ಮರದ ಘಮ. ಅತ್ತೆ ಗಿಡ್ಡ, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ನಾನು ಕುಣಿಗಲ್ಲಿನವಳು, ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳೆಲ್ಲ ಉದ್ದ. ಕಪಾಟನ್ನು ಗೋಡೆಗೆ ಕೂರಿಸುವ ದಿನ, ಮರಗೆಲಸಕ್ಕೆ ಬಂದಿದ್ದ ವಯಸ್ಸಾದ ಆಚಾರ್ರು ನನ್ನನ್ನು ಒಮ್ಮೆ ನೋಡಿ ಅತ್ತೆಯನ್ನು ಕೇಳಿದರು.

"ಸೊಸೆ ಉದ್ದ ಅವ್ರೆ ಕಣಮ್ಮ. ಒಂದೀಟು ಮ್ಯಾಲಕ್ಕೆ ಹೊಡೀಲಾ? ತಲೆಗೆ ತಗಲ್ತದೆ."

ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ನನ್ನ ಮುಖ ನೋಡಿಕೊಂಡೇ ಹೇಳಿದರು. "ಬ್ಯಾಡ. ನನ್ನ ಕೈಗೆ ಎಟುಕಂಗೆ ಹೊಡಿ. ಅವ್ಳು ಬಗ್ಗೋದು ಕಲೀಲಿ ಬುಡು."

ಕಲಿತೆ. ಆದರೂ ಒಲೆಯ ಮೇಲೆ ಹಾಲು ಉಕ್ಕುವಾಗ, ಮಗು ಅಳುವಾಗ, ಬಸ್ಸಿಗೆ ಹೊತ್ತಾದಾಗ ಕಲಿತದ್ದು ಮರೆತುಹೋಗುತ್ತಿತ್ತು. ಬಡಿದಾಗಲೆಲ್ಲ ಅತ್ತೆ ನಡುಮನೆಯಿಂದಲೇ ನಗುತ್ತಿದ್ದರು. "ಕಣ್ಣು ಕುಣಿಗಲ್ಲಲ್ಲೇ ಬಿಟ್ಬಂದ್ಯೇನೇ?"

ಕಪಾಟಿಗೆ ಚಿಲಕ, ಚಿಲಕಕ್ಕೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಸಕ್ಕರೆ, ಎಣ್ಣೆ, ಬೆಲ್ಲ ಎಲ್ಲವನ್ನೂ ಅವರೇ ಬೆಳಿಗ್ಗೆ ತೆಗೆದುಕೊಡಬೇಕು. ಒಮ್ಮೆ ನನ್ನ ಅವ್ವ ಹೇಳದೆ ಕೇಳದೆ ನನ್ನನ್ನು ನೋಡಲು ಬಂದಳು. ನಾನು ಆಗ ಏಳು ತಿಂಗಳ ಬಸುರಿ. ಅವ್ವ ಒಳಗೆ ಬಂದು ಕೂತದ್ದನ್ನು ನೋಡಿದ ಅತ್ತೆ, ಕಪಾಟಿಗೆ ಬೀಗ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು, "ಮಠಕ್ಕೆ ಹೋಗ್ಬರ್ತೀನಿ, ಕೂತಿರಿ ಬೀಗ್ತಿ" ಎಂದು ಹೊರಟರು. ಅವರು ಬರುವಷ್ಟರಲ್ಲಿ ಸಂಜೆಯಾಗಿತ್ತು. ಅವ್ವನಿಗೆ ನಾನು ಸಕ್ಕರೆಯಿಲ್ಲದ ಕಾಫಿ ಕೊಟ್ಟೆ. ಅವಳು ಒಂದು ಗುಟುಕು ಕುಡಿದು, ಬೀಗ ನೋಡಿ, "ನಂಗೆ ಶುಗರ್ ಬಂದೈತೆ ಕಣವ್ವ, ಇಂಗೇ ಕುಡಿಯೋದು" ಎಂದಳು. ಅವಳಿಗೆ ಯಾವ ಶುಗರ್ರೂ ಇರಲಿಲ್ಲ. ಆಮೇಲೆ ಸಾಯುವವರೆಗೂ ನಮ್ಮ ಮನೆಗೆ ಬರಲಿಲ್ಲ.

ನನ್ನ ಗಂಡ ಒಳ್ಳೆಯವರು. ಅಂದರೆ, ಮನೆಯಲ್ಲಿ ಮಾತು ಜೋರಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವವರು.

ಮಾವ ತೀರಿಕೊಂಡ ಮೇಲೆ ಬೀಗ ಹಾಕುವುದು ತಾನಾಗಿ ನಿಂತಿತು. ಆ ಹೊತ್ತಿಗೆ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಅತ್ತೆಯ ಬೆನ್ನು ಬಾಗಿತ್ತು, ಬಾಯಿಯೂ ಅರ್ಧ ಕಡಿಮೆಯಾಗಿತ್ತು. ನೋಡಿದವರು ಪಾಪದ ಮುದುಕಿ ಎನ್ನಬೇಕು, ಹಾಗಾಗಿದ್ದರು. ನನಗೆ ಮಾತ್ರ ಹಾಗೆ ಅನ್ನಿಸಲಿಲ್ಲ.

ಮೂರು ವರ್ಷದ ಹಿಂದೆ ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ ಬಿರುಕು ಬಿಟ್ಟಿತು. ಸಿಂಕಿನ ಕೆಳಗೆ ನೀರು ಜಿನುಗಿ ಗೋಡೆ ಉಬ್ಬಿತ್ತು. ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಎದ್ದುಬಂದಿತ್ತು. ಹೊಗೆ, ಒಗ್ಗರಣೆ, ಎಣ್ಣೆ ಜಿಡ್ಡು ಸೇರಿ ಕಪಾಟುಗಳು ಡಾಂಬರಿನಂತೆ ಕಪ್ಪಾಗಿದ್ದವು. ಎಲ್ಲವನ್ನೂ ಕಿತ್ತು ಹೊಸದು ಮಾಡಿಸೋಣ ಎಂದೆ. ಶೆಟ್ಟಿಹಳ್ಳಿಯಲ್ಲಿ ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ ಮನೆಯಲ್ಲಿ ಬಿಳೀ ಮಾಡ್ಯುಲರ್ ಕಿಚನ್ ನೋಡಿ ಬಂದಿದ್ದೆ. ಆ ಹಲಸಿನ ಹಲಗೆಗಳನ್ನು ನೀರೊಲೆಗೆ ಹಾಕುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಉರಿಯುವಾಗ ಪಕ್ಕದಲ್ಲಿ ಕೂರಬೇಕೆಂದೂ ಅಂದುಕೊಂಡಿದ್ದೆ.

ವಿಷಯ ತಿಳಿದ ದಿನ ಅತ್ತೆ ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಕಟ್ಟೆ ಒಡೀರಿ, ನೆಲ ಕೀಳ್ರಿ, ಏನಾರ ಮಾಡ್ಕಳ್ರಿ. ಕಪಾಟು ಮಾತ್ರ ಬುಟ್ಬುಡು ಕಣವ್ವ. ನಮ್ಮಪ್ಪ ಕೊಟ್ಟಿದ್ದು. ಕಡಬದ್ದು ಅಂತ ನಂಗೆ ಉಳಿದಿರೋದು ಅದೊಂದೇ."

ಕೈ ತಣ್ಣಗಿತ್ತು. ನಾಲ್ಕು ದಿನ ಕಾಯಿಸಿದೆ. ನಾಲ್ಕೂ ದಿನ ಅವರು ನಾನು ಕೂತ ಕಡೆ ಬಂದು ಕೂತರು, ನನ್ನ ಸೀರೆ ಮಡಿಸಿಟ್ಟರು, ನಾನು ಬಸ್ಸಿಳಿದು ಬರುವಷ್ಟರಲ್ಲಿ ಗೇಟಿನ ಬಳಿ ನಿಂತಿರುತ್ತಿದ್ದರು. ಐದನೇ ದಿನ ಆಗಲಿ ಎಂದೆ.

ಕೆಲಸಕ್ಕೆ ಕುಣಿಗಲ್ ಕಡೆಯ ಆಚಾರ್ರನ್ನೇ ಕರೆಸಿದೆ. ನನ್ನ ತವರಿನ ಬೀದಿಯವರು, ನನ್ನ ಮಾತು ಮೀರುವವರಲ್ಲ. ಅವರು ಒಂದು ಬಾಗಿಲನ್ನು ಬಿಚ್ಚಿ, ಹಿಂಬದಿ ಒಂದಿಷ್ಟು ಹೆರೆದು ನೋಡಿ, "ಅಕ್ಕ, ಇದು ಹಲಸು. ಹುಳ ಮುಟ್ಟಿಲ್ಲ. ಮೇಲಿನ ಜಿಡ್ಡು ತೆಗೆದು ಪಾಲಿಶ್ ಹೊಡೆದ್ರೆ ಇನ್ನೂ ಐವತ್ತು ವರ್ಷ ಬರ್ತದೆ" ಎಂದರು. ಅತ್ತೆ ಪಕ್ಕದಲ್ಲಿ ನಿಂತು, ತಮ್ಮನ್ನೇ ಹೊಗಳಿದಂತೆ ತಲೆಯಾಡಿಸಿದರು.

ಬಾಗಿಲುಗಳನ್ನೆಲ್ಲ ಬಿಚ್ಚಿ ಹಿತ್ತಲಲ್ಲಿ ಒರಗಿಸಿದೆವು. ಜಿಡ್ಡು ತೆಗೆಯುವ ಕೆಲಸವನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಸೀಗೆಪುಡಿ ಕಲಸಿ ಬಳಿದು, ತೆಂಗಿನ ನಾರಿನಲ್ಲಿ ಉಜ್ಜಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿದರು. ಎರಡು ವಾರ ಬಿಸಿಲಲ್ಲಿ ಕೂತು ಹತ್ತು ಬಾಗಿಲು. ಬೆರಳ ತುದಿಯ ಚರ್ಮ ಸುಲಿದಿತ್ತು. ಕಪ್ಪಿನ ಕೆಳಗಿನಿಂದ ಜೇನಿನ ಬಣ್ಣ ಎದ್ದಾಗ ಕೂಗಿ ಕರೆದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಬಗ್ಗಿ ನೋಡಿದರೆ, "ನನ್ನ ಸೊಸೆ ಚಿನ್ನ ಕಣ್ರವ್ವ. ನನ್ನ ಒಂದು ಮಾತಿಗೆ ಇಷ್ಟನ್ನೂ ಉಳಿಸಿದ್ಲು" ಎನ್ನುತ್ತಿದ್ದರು. ನಾನು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಏನು ಮಾಡಬೇಕೆಂದು ನನ್ನ ಮನಸ್ಸಿನಲ್ಲಿ ಆಗಲೇ ಗಟ್ಟಿಯಾಗಿತ್ತು.

ಕಪಾಟು ಕೂರಿಸುವ ವಾರ ಅವರನ್ನು ಕಡಬಕ್ಕೆ, ಅವರ ತಂಗಿಯ ಮನೆಗೆ ಕಳಿಸಿದೆ. "ಧೂಳು ಅತ್ತೆ, ನಿಮಗೆ ಕೆಮ್ಮು ಬರ್ತದೆ" ಎಂದೆ. ಹೋಗುವಾಗ ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದುಕೊಂಡರು.

ಹೊಸ ಗ್ರಾನೈಟ್ ಕಟ್ಟೆ ಬಂತು, ಟೈಲ್ಸ್ ಬಂದವು, ಚಿಮಣಿ ಬಂತು. ಆಚಾರ್ರು ಗೋಡೆಯಲ್ಲಿ ಹಳೇ ಮೊಳೆಯ ತೂತುಗಳನ್ನು ತೋರಿಸಿ ಅಲ್ಲಿಗೇ ಹೊಡೆಯಲಾ ಎಂದರು.

"ಹದಿನಾಲ್ಕು ಇಂಚು ಮೇಲಕ್ಕೆ ಹೋಗ್ಲಿ" ಎಂದೆ.

ಅವರು ಟೇಪು ಹಿಡಿದು ನೋಡಿದರು. "ಅಜ್ಜಿಗೆ ಎಟುಕಲ್ವಲ್ಲ ಅಕ್ಕ?"

"ಅವರು ಅಡುಗೆ ಮಾಡಲ್ಲ."

ಸುಳ್ಳು. ನಾವೆಲ್ಲ ಹೊರಗೆ ಹೋದ ಮೇಲೆ ಮಧ್ಯಾಹ್ನದ ರೊಟ್ಟಿ, ಚಟ್ನಿ, ಎರಡು ಸಲದ ಕಾಫಿ ಎಲ್ಲ ಅವರೇ ಮಾಡಿಕೊಳ್ಳುತ್ತಿದ್ದರು. ಆಚಾರ್ರು ನನ್ನನ್ನು ಒಂದು ಕ್ಷಣ ನೋಡಿ ಪೆನ್ಸಿಲಿನಲ್ಲಿ ಗೆರೆ ಎಳೆದರು.

ಅತ್ತೆ ಬಂದ ದಿನ ನಾವೆಲ್ಲ ಮನೆಯಲ್ಲಿದ್ದೆವು. ಅವರು ಬಾಗಿಲಲ್ಲೇ ನಿಂತು ಕೈಮುಗಿದರು. ಕಪಾಟುಗಳು ನಿಜಕ್ಕೂ ಚೆನ್ನಾಗಿದ್ದವು, ಬಿಳೀ ಟೈಲ್ಸಿನ ಮೇಲೆ ಹಲಸಿನ ಮರ ಮಿರಮಿರ ಮಿನುಗುತ್ತಿತ್ತು. ಒಳಗೆ ಬಂದು, ನೇರ ತಮ್ಮ ಕಾಫಿಪುಡಿಯ ಕಪಾಟಿನ ಕಡೆ ನಡೆದು, ಕೈ ಎತ್ತಿದರು. ಬೆರಳು ಬಾಗಿಲಿನ ಕೆಳ ಅಂಚಿಗೆ ತಗುಲಿತು. ಹಿಡಿ ಅದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಹಿಮ್ಮಡಿ ಎತ್ತಿ ಮತ್ತೊಮ್ಮೆ ನೋಡಿದರು. ಆಮೇಲೆ ಕೈ ಇಳಿಸಿ, ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿಕೊಳ್ಳುವಂಥದ್ದೇನೂ ಕೈಗೆ ಆಗಿರಲಿಲ್ಲ.

"ಸ್ವಲ್ಪ ಎತ್ತರ ಆಯ್ತಲ್ವಾ?" ಎಂದರು ನನ್ನ ಗಂಡ.

"ಚಿಮಣಿ ಬಂತಲ್ಲ, ಅದರ ಲೆವೆಲ್ಲಿಗೆ ಬರಬೇಕಂತೆ" ಎಂದೆ.

ಅವರು ಚಿಮಣಿ ನೋಡಿದರು, ಅಮ್ಮನನ್ನು ನೋಡಿದರು, ಹಾಲು ತರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಚೆನ್ನಾಗೈತೆ" ಎಂದರು.

ಆ ದಿನದಿಂದ ಅವರು ಕೇಳಬೇಕಾಯಿತು. ಉಪ್ಪಿಗೆ, ಚಮಚಕ್ಕೆ, ಕಾಫಿಪುಡಿಗೆ. ಮೊದಲ ಸಲ ಕೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಎರಡನೇ ಸಲ ಕೇಳಿಸುತ್ತಿತ್ತು. ಸ್ಕೂಲಿಗೆ ಹೊರಡುವ ಮೊದಲು ಕಟ್ಟೆಯ ಮೇಲೆ ಅವರಿಗೆ ಬೇಕಾದದ್ದನ್ನು ಇಟ್ಟುಹೋಗುತ್ತಿದ್ದೆ, ಆದರೆ ಏನಾದರೂ ಒಂದನ್ನು ಮರೆಯುತ್ತಿದ್ದೆ. ಒಂದು ದಿನ ಸಕ್ಕರೆ, ಒಂದು ದಿನ ಲೋಟ. ನಿಜವಾಗಿ ಮರೆತದ್ದು ಎಷ್ಟು ದಿನ, ಬೇಕೆಂದೇ ಮರೆತದ್ದು ಎಷ್ಟು ದಿನ ಎಂದು ಕೇಳಿದರೆ ಈಗ ಹೇಳಲಾರೆ. ಗುಬ್ಬಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿರುತ್ತದೆ ಎಂದು ನೆನೆಸಿಕೊಂಡರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಏಳೆಂಟು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಸ್ಕೂಲು ಮುಗಿಸಿ ಬಂದಾಗ ಗೇಟಿನಿಂದಲೇ ಖಾರದ ಘಾಟು ಮೂಗಿಗೆ ಬಡಿಯಿತು. ಅಡುಗೆಮನೆಯ ನೆಲದ ತುಂಬ ಕೆಂಪು. ಅತ್ತೆ ಸಿಂಕಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಎರಡೂ ಊದಿ ಮುಚ್ಚಿದ್ದವು. ಒದ್ದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡಿದ್ದರು. ಪಕ್ಕದಲ್ಲಿ ನುಗ್ಗೇಕಾಯಿ ಕೀಳುವ ಕೊಕ್ಕೆ ಬಿದ್ದಿತ್ತು.

ಮಧ್ಯಾಹ್ನ ರೊಟ್ಟಿಗೆ ಚಟ್ನಿಪುಡಿ ಬೇಕೆನಿಸಿ, ಕೊಕ್ಕೆಯಿಂದ ಕಪಾಟಿನ ಬಾಗಿಲು ತೆಗೆದಿದ್ದಾರೆ. ಡಬ್ಬಿಯನ್ನು ಅಂಚಿಗೆ ಎಳೆಯಲು ಹೋಗಿ ಅದರ ಪಕ್ಕದ ಖಾರದಪುಡಿ ಡಬ್ಬಿ ಮುಖದ ಮೇಲೆ ಮಗುಚಿದೆ. ಮುಚ್ಚಳದ ಅಂಚು ಎಡಗಣ್ಣಿಗೆ ಹೊಡೆದಿದೆ. ತಡಕಾಡಿ ನಲ್ಲಿ ಹುಡುಕಿ ತೊಳೆದುಕೊಂಡಿದ್ದಾರೆ, ಉರಿ ಇನ್ನೂ ಹರಡಿದೆ. ಕೂಗಿದರೂ ಅಕ್ಕಪಕ್ಕದಲ್ಲಿ ಯಾರಿಗೂ ಕೇಳಿಲ್ಲ. ದಾರಿ ಕಾಣದೆ ಅಲ್ಲೇ ಕೂತುಬಿಟ್ಟಿದ್ದಾರೆ. ಮೂರೂವರೆ ಗಂಟೆ ಹೊತ್ತು.

"ಯಾರು, ನೀನೇನಾ?" ಎಂದರು.

ನಾನು ಆಗ ಆಡಿದ ಮಾತನ್ನು ಬದಲಾಯಿಸಿ ಬರೆಯಬಹುದು, ಅಲ್ಲಿ ಬೇರೆ ಸಾಕ್ಷಿ ಯಾರೂ ಇರಲಿಲ್ಲ. ಆಡಿದ್ದು ಇದು: "ವರ್ಷದ ಖಾರದಪುಡಿ ಎಲ್ಲಾ ಹೋಯ್ತಲ್ಲ ಅತ್ತೆ."

"ಮ್ಯಾಲಿಂದು ತುಂಬ್ಕೋ. ನೆಲಕ್ಕೆ ತಗಲ್ದೆ ಇರೋದು ಒಂದಿಷ್ಟು ಇರ್ತದೆ" ಎಂದರು.

ಆಮೇಲೆ ಅವರ ಕಣ್ಣು ತೊಳೆದೆ, ಆಟೋ ಹಿಡಿದು ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಬಲಗಣ್ಣು ವಾರಕ್ಕೆ ಸರಿಹೋಯಿತು. ಎಡಗಣ್ಣಿನ ಕರಿಗುಡ್ಡೆಗೆ ಗೀರು ಬಿದ್ದಿತ್ತು. ಅದರಲ್ಲಿ ಈಗ ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ.

ಕಪಾಟು ಇಳಿಸೋಣ ಎಂದು ನಾನೇ ಹೇಳಿ ಆಚಾರ್ರನ್ನು ಕರೆಸಿದೆ. ಅವರು ಕುಣಿಗಲ್ಲಿನಿಂದ ಸಾಮಾನು ಹೊತ್ತು ಬಂದು ಏಣಿ ಹಾಕುತ್ತಿದ್ದಂತೆ, ಅತ್ತೆ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಡುಗೆಮನೆಗೆ ಬಂದರು.

"ಯಾಕಪ್ಪ ಇಳಿಸ್ತೀಯ? ಅದರ ಪಾಡಿಗೆ ಅದು ಇರ್ಲಿ."

"ನಿಮಗೆ ಎಟುಕಲಿ ಅಂತ ಅಜ್ಜಿ" ಎಂದರು ಆಚಾರ್ರು.

"ಎಟುಕೋದು ಬ್ಯಾಡ. ಬಂದೋರೆಲ್ಲ ನೋಡ್ಲಿ. ನೀನು ಕಾಫಿ ಕುಡ್ದು ಹೊರಡು."

ಗಂಡ ಹೇಳಿ ನೋಡಿದರು. ನಾನು ಅತ್ತುಕೊಂಡು ಕೇಳಿದೆ. ಅವರು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಚಾರ್ರು ಕಾಫಿ ಕುಡಿದು ಹೊರಟರು. ಆರು ತಿಂಗಳ ನಂತರ ಇನ್ನೊಮ್ಮೆ ಕರೆಸಿದಾಗಲೂ ಅಷ್ಟೇ.

ಬೇಕಾದ ಡಬ್ಬಿಗಳನ್ನೆಲ್ಲ ಕಟ್ಟೆಯ ಮೇಲೆ ಜೋಡಿಸಿದೆ. ಮಾರನೆಯ ದಿನ ಸ್ಕೂಲಿನಿಂದ ಬರುವಷ್ಟರಲ್ಲಿ ಕೆಲಸದವಳ ಕೈಯಲ್ಲಿ ಎಲ್ಲವನ್ನೂ ಮೇಲಕ್ಕೆ ಇಡಿಸಿದ್ದರು.

ಮನೆಗೆ ಯಾರೇ ಬರಲಿ, ಮಠದವರು, ಕಡಬದವರು, ಗ್ಯಾಸ್ ಸಿಲಿಂಡರ್ ತಂದವನು ಕೂಡ, ಅತ್ತೆ ಅವರನ್ನು ಅಡುಗೆಮನೆಗೆ ಕರೆದೊಯ್ಯುತ್ತಾರೆ. "ನಮ್ಮಪ್ಪ ಕೊಟ್ಟಿದ್ದು ಕಣಪ್ಪ, ಹಲಸಿಂದು. ನನ್ನ ಸೊಸೆ ಉಳಿಸ್ಕೊಟ್ಲು" ಎಂದು, ಕಟ್ಟೆಗೆ ಮೈಯಾನಿಸಿ, ಹಿಮ್ಮಡಿ ಎತ್ತಿ, ಕೈ ಚಾಚುತ್ತಾರೆ. ಬೆರಳು ಅಂಚಿನಲ್ಲೇ ನಿಲ್ಲುತ್ತದೆ. ಅಷ್ಟೇ, ಬೇರೆ ಮಾತಿಲ್ಲ. ಬಂದವರು ಮೊದಲು ಅವರ ಬೆರಳು ನೋಡುತ್ತಾರೆ, ಆಮೇಲೆ ಆ ಕಣ್ಣು, ಕೊನೆಗೆ ನನ್ನನ್ನು. ನಾನು ಮುಂದೆ ಬಂದು, ಅವರ ತಲೆಯ ಮೇಲಿಂದ ಕೈಹಾಕಿ, ಕಾಫಿಪುಡಿ ತೆಗೆಯಬೇಕು.

ಈ ವರ್ಷ ಅವರ ಭುಜ ಹಿಡಿದುಕೊಂಡಿದೆ, ಕೈ ಮೇಲಕ್ಕೆ ಬರುವುದಿಲ್ಲ. ಇನ್ನು ಮುಗಿಯಿತು ಎಂದುಕೊಂಡಿದ್ದೆ. ಹೋದ ಭಾನುವಾರ ಕಡಬದಿಂದ ಅವರ ತಂಗಿ ಹೊಸ ಸೊಸೆಯನ್ನು ಕರೆದುಕೊಂಡು ಬಂದರು. ಅತ್ತೆ ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು ಕಪಾಟಿನ ಮುಂದೆ ನಿಲ್ಲಿಸಿದರು. ಕೈ ಎತ್ತಲು ಹೋದರು, ಎದೆಯ ಮಟ್ಟಕ್ಕೇ ನಿಂತಿತು. ನನ್ನ ಕಡೆ ತಿರುಗಿ, ಮೆತ್ತಗೆ, ಎಂದೂ ಇಲ್ಲದಷ್ಟು ಮೆತ್ತಗೆ ಹೇಳಿದರು.

"ನನ್ನ ಕೈ ಎಲ್ಲಿಗಂಟ ಬರ್ತಿತ್ತು, ನೀನೇ ತೋರ್ಸವ್ವ."

ಆ ಹೊಸ ಹುಡುಗಿ ಏನೆಂದು ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಬಾಗಿಲಿನ ಕೆಳ ಅಂಚಿಗೆ ಬೆರಳಿಟ್ಟು ತೋರಿಸಿದೆ. ಇನ್ನೂ ಸ್ವಲ್ಪ ಕೆಳಗೆ ಎಂದರು. ಕೆಳಗಿಟ್ಟೆ.